ಶುಶ್ರೂಷೆಯೂ ಒಂದು ವಿದ್ಯೆ

ನಂದಿಗುಡಿಯ ಕಡೆಯ ಹಿರಿಯರಿಗೆ 'ಕಸಿ' ಎಂದೊಡನೆ ನೆನಪಾಗುವುದು ಮಾವಿನ ಗಿಡ. ನಾಟಿ ಗಿಡದ ಕಾಂಡವನ್ನು ಸೀಳಿ, ಒಳ್ಳೆಯ ಜಾತಿಯ ಕಡ್ಡಿಯೊಂದನ್ನು ಅದಕ್ಕೆ ಹೊಂದಿಸಿ, ಬಿಗಿಯಾಗಿ ಕಟ್ಟುವ ಕೆಲಸ ಕೆಲವು ನಿಮಿಷಗಳದು. ಆದರೆ ತೋಟದ ಕೆಲಸವನ್ನು ಬಲ್ಲ ಯಾರೂ ಆ ಕೆಲವು ನಿಮಿಷಗಳನ್ನೇ ಕಸಿಯೆಂದು ಕರೆಯರು. ಕಟ್ಟು ಸಡಿಲವಾಗದಂತೆ, ನೀರು ಹೆಚ್ಚಾಗದಂತೆ, ಬಿರುಬಿಸಿಲು ತಾಗದಂತೆ ವಾರಗಟ್ಟಲೆ ನೋಡಿಕೊಂಡು, ಹೊಸ ಚಿಗುರು ಕಂಡ ಮೇಲೆಯೇ 'ಕಸಿ ಕೂಡಿತು' ಎಂದು ಹೇಳುವರು.

ಮನುಷ್ಯರ ಅಂಗ ಕಸಿಯ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ನಾವೆಲ್ಲ ಮರೆತಂತೆ ತೋರುತ್ತದೆ. ಅಂಗವನ್ನು ಹೊತ್ತ ವಾಹನಕ್ಕೆ ದಾರಿ ಬಿಟ್ಟುಕೊಟ್ಟ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಶಸ್ತ್ರವೈದ್ಯರ ಚಿತ್ರ ಬರುತ್ತದೆ. ರೋಗಿಯು ನಗುತ್ತ ಮನೆಗೆ ತೆರಳಿದ ವಾರ್ತೆಯೊಂದಿಗೆ ಕಥೆ ಮುಗಿಯುತ್ತದೆ. ನಿಜವಾಗಿ ಕಥೆ ಆರಂಭವಾಗುವುದೇ ಅಲ್ಲಿಂದ. ಆ ಮೇಲಿನ ತಿಂಗಳುಗಳಲ್ಲಿ, ವರ್ಷಗಳಲ್ಲಿ, ಕೂಡಿಸಿದ ಅಂಗವನ್ನು ಉಳಿಸುವ ಕೆಲಸದ ದೊಡ್ಡ ಪಾಲು ಮನೆಯಲ್ಲಿರುವ ಒಬ್ಬರ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ ಆ ಒಬ್ಬರು ರೋಗಿಯ ಪತಿ ಅಥವಾ ಪತ್ನಿ. ಈ ಕೆಲಸವನ್ನು ಜನರು ಪ್ರೀತಿಯೆಂದೂ ತ್ಯಾಗವೆಂದೂ ಹೊಗಳುವರು. ಅದು ಮೊದಲು ಒಂದು ವಿದ್ಯೆ ಎಂಬುದು ನಮ್ಮ ಅಭಿಪ್ರಾಯ. ವಿದ್ಯೆಯಾದುದರಿಂದ ಅದನ್ನು ಕಲಿಸಬೇಕು. ಕಲಿಯಬಹುದಾದುದರಿಂದ ಗಂಡಸರೂ ಕಲಿಯಬೇಕು. ಹೀಗೆ ಹೇಳಲು ನಮಗಿರುವ ಅಧಿಕಾರವೆಂದರೆ ನಮ್ಮ ಮನೆಯ ಅನುಭವವೊಂದೇ. ೨೦೨೨ರಲ್ಲಿ ನಮ್ಮ ಪತ್ನಿಗೆ ಆಕೆಯ ತಾಯಿಯ ಮೂತ್ರಪಿಂಡವನ್ನು ಕಸಿ ಮಾಡಲಾಯಿತು. ಅಂದಿನಿಂದ ಭೌತಶಾಸ್ತ್ರದ ಪಾಠ ಹೇಳುವುದರ ಜೊತೆಗೆ ಈ ಇನ್ನೊಂದು ಶಾಸ್ತ್ರದ ವಿದ್ಯಾರ್ಥಿಯೂ ಆಗಿದ್ದೇವೆ.

ಮೊದಲು ವಿಷಯದ ಹಿನ್ನೆಲೆಯನ್ನು ತಿಳಿಯೋಣ. ಯಶಸ್ವಿಯಾದ ಮೊದಲ ಮೂತ್ರಪಿಂಡ ಕಸಿ ನಡೆದುದು ೧೯೫೪ರ ಡಿಸೆಂಬರ್ ೨೩ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ರೊನಾಲ್ಡ್ ಹೆರಿಕ್ ಎಂಬಾತ ತನ್ನ ಅವಳಿ ಸಹೋದರ ರಿಚರ್ಡನಿಗೆ ಒಂದು ಮೂತ್ರಪಿಂಡವನ್ನು ಕೊಟ್ಟನು. ಶಸ್ತ್ರಕ್ರಿಯೆ ನಡೆಸಿದ ಜೋಸೆಫ್ ಮರ್ರೆ ಅವರಿಗೆ ೧೯೯೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಷ್ಟನ್ನು ಅನೇಕ ಪುಸ್ತಕಗಳಲ್ಲಿ ಓದಬಹುದು. ಅಷ್ಟಾಗಿ ಹೇಳದಿರುವ ಸಂಗತಿಯೊಂದಿದೆ: ರಿಚರ್ಡನು ಆಸ್ಪತ್ರೆಯಲ್ಲಿ ತನ್ನನ್ನು ನೋಡಿಕೊಂಡ ದಾದಿ ಕ್ಲೇರ್ ಎಂಬಾಕೆಯನ್ನೇ ಮದುವೆಯಾದನು, ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ ೧೯೬೩ರವರೆಗೆ ಬದುಕಿದನು. ಹೀಗೆ ಅಂಗ ಕಸಿಯ ಇತಿಹಾಸದ ಮೊದಲ ಪುಟದಲ್ಲಿಯೇ ಶುಶ್ರೂಷೆಯನ್ನು ಶಾಸ್ತ್ರೋಕ್ತವಾಗಿ ಕಲಿತ ಒಬ್ಬ ಬಾಳಸಂಗಾತಿಯೂ ಇದ್ದಾಳೆ.

ನಮ್ಮ ದೇಶದಲ್ಲಿ ಇಂಥ ಕಸಿ ಮೊದಲು ಯಶಸ್ವಿಯಾದುದು ವೆಲ್ಲೂರಿನಲ್ಲಿ, ೧೯೭೧ರಲ್ಲಿ. ಅಂಗಾಂಗ ಕಸಿಗೆ ಸಂಬಂಧಿಸಿದ ಕೇಂದ್ರದ ಕಾನೂನು ಬಂದುದು ೧೯೯೪ರಲ್ಲಿ. ಮೃತರ ಅಂಗಗಳನ್ನು ಸರದಿಯಂತೆ ಹಂಚುವ ಕೆಲಸವನ್ನು ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ೨೦೨೧ರಲ್ಲಿ ನಟ ಸಂಚಾರಿ ವಿಜಯ್ ಅವರು ಅಪಘಾತದಲ್ಲಿ ತೀರಿಕೊಂಡಾಗ ಅವರ ಕುಟುಂಬದವರು ಅಂಗಗಳನ್ನು ದಾನ ಮಾಡಿದುದನ್ನು ನಮ್ಮ ತರುಣ ವಾಚಕರು ಬಲ್ಲರು. ಆ ಅಂಗಗಳನ್ನು ಪಡೆದವರೂ ಒಂದೊಂದು ಮನೆಗೆ ಹಿಂದಿರುಗಿದರು. ಆ ಮನೆಗಳಲ್ಲಿ ಯಾರೋ ಒಬ್ಬರು ಮಾತ್ರೆಗಳ ಲೆಕ್ಕವನ್ನು ಹಿಡಿದು ಕುಳಿತರು.

ಆ ಲೆಕ್ಕ ಏಕೆ ಬೇಕು? ಹರಿಹರದ ದೇವಾಲಯವನ್ನು ಕಂಡವರಿಗೆ ಅಲ್ಲಿಯ ಮೂರ್ತಿಯ ನೆನಪಿರುತ್ತದೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಆ ಗುಡಿಯಲ್ಲಿ ಒಂದೇ ವಿಗ್ರಹದ ಅರ್ಧ ಹರಿ, ಅರ್ಧ ಹರ. ಇಬ್ಬರೂ ಒಂದೇ ದೇಹದಲ್ಲಿ ಸಾಮರಸ್ಯದಿಂದ ನಿಂತಿದ್ದಾರೆ. ಶಿಲೆಯಲ್ಲಿ ಇದು ಸಾಧ್ಯ. ರಕ್ತಮಾಂಸಗಳಲ್ಲಿ ಅಷ್ಟು ಸುಲಭವಲ್ಲ. ನಮ್ಮ ದೇಹದ ಬಿಳಿಯ ರಕ್ತಕಣಗಳಲ್ಲಿ ಕೆಲವು 'ಇದು ನನ್ನದು, ಇದು ನನ್ನದಲ್ಲ' ಎಂಬ ಪರೀಕ್ಷೆಯನ್ನು ಸದಾ ನಡೆಸುತ್ತಿರುತ್ತವೆ. ರೋಗಾಣುಗಳನ್ನು ಕೊಲ್ಲುವ ಈ ಕಾವಲುಪಡೆಯೇ ಹೊಸ ಅಂಗವನ್ನೂ ಶತ್ರುವೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸುಟ್ಟಗಾಯಗಳಿಗೆ ಹಚ್ಚಿದ ಬೇರೆಯವರ ಚರ್ಮ ಏಕೆ ನಿಲ್ಲುವುದಿಲ್ಲವೆಂದು ವಿಚಾರಮಾಡುತ್ತ ಪೀಟರ್ ಮೆಡಾವರ್ ಈ ಸತ್ಯವನ್ನು ತೋರಿಸಿಕೊಟ್ಟರು. ಹೆರಿಕ್ ಸಹೋದರರು ತದ್ರೂಪಿ ಅವಳಿಗಳಾಗಿದ್ದುದರಿಂದ ಈ ಕಷ್ಟ ಅವರಿಗೆ ಬರಲಿಲ್ಲ. ಉಳಿದವರಿಗೆ ಕಾವಲುಪಡೆಯನ್ನು ತಣ್ಣಗಿಡುವ ಔಷಧಿಗಳು ಬೇಕು. ಅಂಗವು ಕೆಲಸ ಮಾಡುತ್ತಿರುವಷ್ಟು ಕಾಲವೂ ಬೇಕು.

ಇಂದು ಬಹಳವಾಗಿ ಬಳಕೆಯಲ್ಲಿರುವ ಅಂಥ ಔಷಧಿ ಟ್ಯಾಕ್ರೊಲಿಮಸ್. ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿ ಸಿಕ್ಕಿದ ಒಂದು ಸೂಕ್ಷ್ಮಜೀವಿಯಿಂದ ೧೯೮೪ರಲ್ಲಿ ಅದನ್ನು ಬೇರ್ಪಡಿಸಿದರು. ಅದು ರಕ್ತದಲ್ಲಿ ಇರಬೇಕಾದ ಪ್ರಮಾಣವನ್ನು ಕೇಳಿದರೆ ಆಶ್ಚರ್ಯವಾಗುತ್ತದೆ: ಒಂದು ಮಿಲಿಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಇದಕ್ಕಿಂತ ಕಡಿಮೆಯಾದರೆ ಕಾವಲುಪಡೆ ಎಚ್ಚರಗೊಂಡು ಅಂಗದ ಮೇಲೆ ಬೀಳುತ್ತದೆ. ಹೆಚ್ಚಾದರೆ ಔಷಧಿಯೇ ಮೂತ್ರಪಿಂಡವನ್ನು ಕೆಡಿಸುತ್ತದೆ. ಇವೆರಡರ ನಡುವಿನ ದಾರಿ ಬಹಳ ಕಿರಿದು.

ವಿಕಿರಣಶೀಲ ಧಾತುಗಳ ಅರ್ಧಾಯುವನ್ನು ಕುರಿತು ಓದಿರುವ ವಿದ್ಯಾರ್ಥಿಗಳಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ದೇಹದೊಳಗಿನ ಔಷಧಿಯೂ ಹೆಚ್ಚುಕಡಿಮೆ ಅದೇ ನಿಯಮದಂತೆ ಕರಗುತ್ತದೆ. ಟ್ಯಾಕ್ರೊಲಿಮಸ್‌ನ ಅರ್ಧಾಯು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಸುಮಾರು ೧೨ ಗಂಟೆಗಳೆಂದು ಹಿಡಿಯೋಣ. ಬೆಳಿಗ್ಗೆ ೮ಕ್ಕೆ ನುಂಗಿದುದು ರಾತ್ರಿ ೮ಕ್ಕೆ ಅರ್ಧಕ್ಕೆ ಇಳಿದಿರುತ್ತದೆ. ಆಗ ಮತ್ತೊಂದು ಮಾತ್ರೆ ಬಿದ್ದರೆ ಮಟ್ಟ ಮೇಲೇರುತ್ತದೆ. ರಾತ್ರಿಯದು ಮರೆತುಹೋದರೆ ಮರುದಿನ ಬೆಳಿಗ್ಗೆಗೆ ಉಳಿಯುವುದು ಕಾಲು ಭಾಗ. 'ಒಂದು ಹೊತ್ತು ತಪ್ಪಿದರೆ ಏನಾಯಿತು?' ಎಂದು ಕೇಳುವ ನೆಂಟರಿಗೆ ಉತ್ತರ ಈ ಗಣಿತದಲ್ಲಿದೆ. ಬೇರೆ ವಸ್ತುಗಳೂ ಈ ಲೆಕ್ಕವನ್ನು ಕೆಡಿಸಬಲ್ಲವು. ದೇವನಹಳ್ಳಿಯ ಚಕ್ಕೋತ ಹೆಸರುವಾಸಿಯಾದ ಹಣ್ಣು. ಆದರೆ ಚಕ್ಕೋತದ ಜಾತಿಯ ಹಣ್ಣುಗಳು ಈ ಔಷಧಿಯನ್ನು ಒಡೆಯುವ ಕಿಣ್ವವನ್ನು ತಡೆದು, ರಕ್ತದಲ್ಲಿ ಅದರ ಮಟ್ಟವನ್ನು ಏರಿಸುವುದರಿಂದ ಕಸಿಯಾದವರಿಗೆ ನಿಷಿದ್ಧ. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವ ನೋವಿನ ಮಾತ್ರೆಗಳೂ, ಯಾರೋ ಹೇಳಿದ ಬೇರುನಾರುಗಳೂ ವೈದ್ಯರನ್ನು ಕೇಳದೆ ಮನೆಯೊಳಗೆ ಬರಕೂಡದು.

ಇನ್ನು ಮನೆಯಲ್ಲಿ ನಡೆಯಬೇಕಾದ ಅಳತೆಗಳು. ಪ್ರತಿದಿನ ಬೆಳಿಗ್ಗೆ ತೂಕ, ದೇಹದ ಉಷ್ಣತೆ, ರಕ್ತದೊತ್ತಡ, ಮೂತ್ರದ ಪ್ರಮಾಣ, ಇವುಗಳನ್ನು ಬರೆದಿಡಬೇಕೆಂದು ವೈದ್ಯರು ನಮಗೆ ತಿಳಿಸಿದರು. ತೂಕವೇಕೆ? ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಎರಡು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ಹೊರಹೋಗದೆ ಉಳಿದ ನೀರು. ಹೀಗೆ ತೂಕದ ಯಂತ್ರವೇ ಮೂತ್ರಪಿಂಡದ ಸಮಾಚಾರವನ್ನು ಹೇಳುತ್ತದೆ. ರಕ್ತದೊತ್ತಡದ ಅಳತೆಯಲ್ಲಿ ನಾವು ಕಲಿತ ಪಾಠ ಇನ್ನೂ ಸ್ವಾರಸ್ಯವಾದುದು. ತೋಳಿಗೆ ಸುತ್ತಿದ ಪಟ್ಟಿ ಹೃದಯದ ಮಟ್ಟದಲ್ಲಿರಬೇಕು. ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಅಷ್ಟು ಎತ್ತರದ ರಕ್ತದ ಕಂಬದ ಭಾರ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ರಕ್ತದ ಸಾಂದ್ರತೆ ಸುಮಾರು ೧.೦೬, ಪಾದರಸದ್ದು ೧೩.೬, ಆದುದರಿಂದ ೧೦೦ ಮಿಲಿಮೀಟರ್ ರಕ್ತವು ಸುಮಾರು ೮ ಮಿಲಿಮೀಟರ್ ಪಾದರಸಕ್ಕೆ ಸಮ. ಕೈಯನ್ನು ಜೋಲುಬಿಟ್ಟು ಅಳೆದ ಅಂಕಿಯನ್ನು ನಂಬಿ ವೈದ್ಯರು ಔಷಧಿಯನ್ನು ಬದಲಾಯಿಸಿದರೆ ತಪ್ಪು ಯಾರದು? ದ್ರವಗಳ ಒತ್ತಡವನ್ನು ಕುರಿತು ವರ್ಷವರ್ಷವೂ ಪಾಠ ಹೇಳುವ ನಾವೇ ಮೊದಲ ಹದಿನೈದು ದಿನ ಹೀಗೆ ತಪ್ಪಾಗಿ ಅಳೆದೆವು.

ಇದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದೆವು. ಟ್ಯಾಕ್ರೊಲಿಮಸ್‌ನ ಮಟ್ಟವನ್ನು ಪರೀಕ್ಷಿಸಲು ರಕ್ತವನ್ನು ಕೊಡಬೇಕಾದುದು ಬೆಳಗಿನ ಮಾತ್ರೆಯನ್ನು ನುಂಗುವ ಮೊದಲು. ಮಟ್ಟವು ಅತ್ಯಂತ ಕೆಳಗಿರುವ ಹೊತ್ತೇ ಅಳತೆಗೆ ತಕ್ಕ ಹೊತ್ತು. ಒಮ್ಮೆ ಇನ್ನೂರೈವತ್ತು ಕಿಲೋಮೀಟರಿಗೂ ಮೀರಿದ ದೂರವನ್ನು ರಾತ್ರಿಯೆಲ್ಲ ಪ್ರಯಾಣಮಾಡಿ ಬೆಂಗಳೂರನ್ನು ಸೇರಿ, 'ಹೊತ್ತು ಮೀರಬಾರದು' ಎಂಬ ಆತುರದಲ್ಲಿ ನಾವೇ ಮೊದಲು ಮಾತ್ರೆ ಕೊಟ್ಟು, ಅನಂತರ ರಕ್ತ ಕೊಡಿಸಿದೆವು. ಅಂಕಿ ವಿಪರೀತವಾಗಿ ಬಂದಿತು. ಅನುಭವಿಯಾದ ದಾದಿಯೊಬ್ಬರು 'ಮಾತ್ರೆ ಯಾವಾಗ ತೆಗೆದುಕೊಂಡಿರಿ?' ಎಂದು ಕೇಳದಿದ್ದರೆ ಔಷಧಿಯನ್ನು ಕಡಿಮೆ ಮಾಡಿಬಿಡುತ್ತಿದ್ದರೋ ಏನೋ! ಪ್ರಯೋಗಾಲಯದಲ್ಲಿ ಇಂಥ ತಪ್ಪಿಗೆ ನಾವು ವಿದ್ಯಾರ್ಥಿಗಳ ಅಂಕಗಳನ್ನು ಕತ್ತರಿಸುತ್ತೇವೆ. ಇಲ್ಲಿ ಕತ್ತರಿಸಿಹೋಗಬಹುದಾಗಿದ್ದುದು ಅಂಕವಲ್ಲ.

ಆದರೆ ಅಳತೆಯನ್ನು ಸರಿಯಾಗಿ ಕಲಿತ ಮೇಲೆ ಬೇರೊಂದು ಅಪಾಯ ನಮಗೆ ಎದುರಾಯಿತು. ಕಸಿಯಾಗಿ ನಾಲ್ಕನೆಯ ತಿಂಗಳು. ಒಂದು ಬೆಳಿಗ್ಗೆ ಎಲ್ಲ ಅಂಕಿಗಳೂ ಸರಿಯಾಗಿದ್ದುವು. ನಮ್ಮ ಪತ್ನಿ 'ಯಾಕೋ ಇವತ್ತು ಮೈ ಸರಿಯಿಲ್ಲರೀ' ಎಂದಳು. ನಾವು ಪುಸ್ತಕವನ್ನು ತೋರಿಸಿ, 'ಜ್ವರವಿಲ್ಲ, ತೂಕ ಏರಿಲ್ಲ, ಒತ್ತಡ ಸರಿಯಾಗಿದೆ. ಇದು ಮನಸ್ಸಿನ ಕಳವಳ' ಎಂದೆವು. ಆಕೆ, 'ನಿಮ್ಮ ಪುಸ್ತಕ ಸರಿಯಿರಬಹುದು, ನನಗೆ ಮಾತ್ರ ಸರಿಯಿಲ್ಲ' ಎಂದು ಹೇಳಿ ಸುಮ್ಮನಾದಳು. ನಾವು ಕಾಲೇಜಿಗೆ ಹೋದೆವು. ಮರುದಿನ ಸಂಜೆಯ ಹೊತ್ತಿಗೆ ಚಳಿ ಹತ್ತಿ ನಡುಗತೊಡಗಿದಳು. ಅದೇ ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಮೂತ್ರನಾಳದಲ್ಲಿ ಸೋಂಕು. ಕಾವಲುಪಡೆಯನ್ನು ತಣ್ಣಗಿಟ್ಟಿರುವ ದೇಹದಲ್ಲಿ ಜ್ವರವೂ ತಡವಾಗಿ ಏಳಬಹುದು, ಏಳದೆಯೂ ಇರಬಹುದು ಎಂದು ವೈದ್ಯರು ಆಗ ವಿವರಿಸಿದರು. ಒಂದು ವಾರದಲ್ಲಿ ಗುಣವಾಯಿತೆಂಬುದು ನಮ್ಮ ಪುಣ್ಯ. ಒಂದೂವರೆ ದಿನವನ್ನು ಕಳೆದುಕೊಂಡೆವೆಂಬುದು ನಮ್ಮ ಪಾಪ.

ಸಂಸ್ಕೃತದಲ್ಲಿ 'ಶುಶ್ರೂಷಾ' ಎಂಬ ಪದದ ಮೂಲಾರ್ಥ 'ಕೇಳಬೇಕೆಂಬ ಇಚ್ಛೆ'. ಸೇವೆ ಎಂಬ ಅರ್ಥ ಅನಂತರ ಬಂದುದು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಆ ರಾತ್ರಿ ಈ ಮಾತು ನಮಗೆ ಚೆನ್ನಾಗಿ ಅರ್ಥವಾಯಿತು. ಥರ್ಮಾಮೀಟರು ಒಂದು ಉಪಕರಣ. ರೋಗಿಯ ಮಾತೂ ಒಂದು ಉಪಕರಣ. ಒಂದರ ಅಂಕಿಯನ್ನು ಬರೆದುಕೊಂಡು ಇನ್ನೊಂದನ್ನು ಬಿಟ್ಟುಬಿಡುವುದು ವಿಜ್ಞಾನವಲ್ಲ. ಅಂದಿನಿಂದ ನಮ್ಮ ಪುಸ್ತಕಕ್ಕೆ ಹೊಸ ಅಂಕಣವೊಂದು ಸೇರಿತು: 'ಆಕೆ ಹೇಳಿದುದು'. ಕೆಲವು ವಾರಗಳ ಮೇಲೆ ಪುಸ್ತಕವನ್ನೇ ಆಕೆ ತನ್ನ ಕೈಗೆ ತೆಗೆದುಕೊಂಡಳು. ಅದೂ ನ್ಯಾಯವೇ. ಸಂಗಾತಿಯು ಕಾವಲುಗಾರನಾಗಿಯೇ ಉಳಿದುಬಿಟ್ಟರೆ ರೋಗಿಯು ಎಂದೆಂದಿಗೂ ರೋಗಿಯಾಗಿಯೇ ಉಳಿಯಬೇಕಾಗುತ್ತದೆ. ಮಾತ್ರೆಗಳಿಂದ ಮುಖ ಊದಿಕೊಂಡು, ಕನ್ನಡಿಯನ್ನು ನೋಡಲು ಮನಸ್ಸಿಲ್ಲದೆ, ತಾಯಿಯ ದೇಹದಿಂದ ಒಂದು ಅಂಗವನ್ನು ಪಡೆದೆನೆಂಬ ಭಾರವನ್ನೂ ಹೊತ್ತಿರುವ ವ್ಯಕ್ತಿಗೆ ತನ್ನ ದೇಹದ ಯಜಮಾನಿಕೆ ಮರಳಿ ಬರುವುದೂ ಚೇತರಿಕೆಯ ಒಂದು ಭಾಗ.

ನಮ್ಮ ಮನೆಯಲ್ಲಿ ಚೇತರಿಸಿಕೊಳ್ಳಬೇಕಾದವರು ಇಬ್ಬರಿದ್ದರು. ಮೂತ್ರಪಿಂಡವನ್ನು ಕೊಟ್ಟ ಅತ್ತೆಯವರಿಗೂ ಶಸ್ತ್ರಕ್ರಿಯೆಯ ನೋವಿತ್ತು. ಆದರೆ ನೋಡಲು ಬಂದವರಲ್ಲಿ ಅವರ ಯೋಗಕ್ಷೇಮವನ್ನು ಕೇಳಿದವರು ವಿರಳ. ನೋಡಲು ಬರುವವರನ್ನು ಬಾಗಿಲಲ್ಲಿಯೇ ತಡೆಯುವ ಅಪ್ರಿಯ ಕೆಲಸವೂ ನಮ್ಮದಾಗಿತ್ತು. ಭತ್ತದ ಒಕ್ಕಣೆಯ ಕಾಲದಲ್ಲಿ ಊರೆಲ್ಲ ಧೂಳು. ಹುಲ್ಲಿನ ಧೂಳಿನಲ್ಲಿ ತೇಲುವ ಬೂಷ್ಟಿನ ಕಣಗಳು ಇಂಥವರ ಶ್ವಾಸಕೋಶಕ್ಕೆ ಅಪಾಯಕರ. ಜೀವವನ್ನು ಕಾಯುವ ಔಷಧಿ ಮಣ್ಣಿನಿಂದ ಬಂದುದು. ಅದನ್ನು ನುಂಗುವವರು ಮಣ್ಣಿನ ಧೂಳಿಗೇ ಅಂಜಬೇಕಾದುದು ಪ್ರಕೃತಿಯ ವಿಚಿತ್ರ. ದಾವಣಗೆರೆಯ ಬೆಣ್ಣೆದೋಸೆ, ಮಂಡಕ್ಕಿ, ಮಿರ್ಚಿಗಳ ಆಸೆಯನ್ನು ತಿಂಗಳುಗಟ್ಟಲೆ ಬಿಡಬೇಕಾಯಿತು. ಜೊತೆಗೆ ನಾವೂ ಬಿಟ್ಟೆವು.

ಈ ಕಾಲದಲ್ಲಿ ನಾವು ಬಹಳವಾಗಿ ಕೇಳಿದ ಪ್ರಶ್ನೆ ಒಂದಿದೆ. ನೆರೆಯ ಹಿರಿಯರೊಬ್ಬರು, ಕೇವಲ ಕನಿಕರದಿಂದಲೇ, 'ಮೇಷ್ಟ್ರೇ, ಇದು ಹೆಣ್ಣುಮಕ್ಕಳ ಕೆಲಸ. ಅಕ್ಕನನ್ನೋ ತಂಗಿಯನ್ನೋ ಕರೆಸಿಕೊಳ್ಳಬಾರದೆ?' ಎಂದರು. ಗಂಡನಿಗೆ ಕಸಿಯಾಗಿ ಹೆಂಡತಿ ನೋಡಿಕೊಳ್ಳುತ್ತಿದ್ದರೆ ಈ ಪ್ರಶ್ನೆ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಈ ಭಾವನೆ ಶುಶ್ರೂಷೆಗೆ ಮಾತ್ರ ಸೀಮಿತವಾಗಿಲ್ಲವೆಂಬುದನ್ನು ದೇಶದ ಅಂಕಿಗಳೇ ಹೇಳುತ್ತವೆ. ೧೯೯೫ರಿಂದ ೨೦೨೧ರವರೆಗೆ ಭಾರತದಲ್ಲಿ ದಾಖಲಾದ ೩೬,೬೪೦ ಕಸಿಗಳಲ್ಲಿ ಅಂಗವನ್ನು ಪಡೆದವರು ಐವರಲ್ಲಿ ನಾಲ್ವರು ಗಂಡಸರು. ಬದುಕಿರುವಾಗಲೇ ಅಂಗವನ್ನು ಕೊಡುವವರಲ್ಲಿ ಮಾತ್ರ ಹೆಂಗಸರೇ ಬಹುಸಂಖ್ಯಾತರು. ಕೊಡುವವಳೂ ಹೆಣ್ಣು, ಕೊಟ್ಟ ಮೇಲೆ ಕಾಯುವವಳೂ ಹೆಣ್ಣು. ಪಡೆಯುವಾಗ ಮಾತ್ರ ಆಕೆಯ ಸರದಿ ಹಿಂದೆ. ನಮ್ಮ ಮನೆಯಲ್ಲಿಯೂ ಕೊಟ್ಟವರು ಹೆಂಗಸೇ ಎಂಬುದನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. ನಮ್ಮ ರಕ್ತದ ಗುಂಪು ಹೊಂದಲಿಲ್ಲವೆಂಬ ಉತ್ತರ ನಮ್ಮ ಬಳಿ ಇದೆ. ಆದರೆ ಎಲ್ಲ ಗಂಡಸರ ಬಳಿಯೂ ಆ ಉತ್ತರವಿರಲಾರದು.

'ಗಂಡಹೆಂಡಿರು ರಕ್ತಸಂಬಂಧಿಗಳಲ್ಲ, ಅಂಗ ಹೊಂದುವುದೆಂತು?' ಎಂಬ ನೆವವೂ ನಿಲ್ಲದು. ಕಾನೂನು ಪತಿಪತ್ನಿಯರನ್ನು ಹತ್ತಿರದ ಬಂಧುಗಳೆಂದೇ ಎಣಿಸುತ್ತದೆ. ಟೆರಸಾಕಿ ಮತ್ತು ಅವರ ಸಹೋದ್ಯೋಗಿಗಳು ೧೯೯೫ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬಾಳಸಂಗಾತಿಗಳು ಕೊಟ್ಟ ಮೂತ್ರಪಿಂಡಗಳಲ್ಲಿ ನೂರಕ್ಕೆ ೮೫ ಮೂರು ವರ್ಷಗಳ ಅನಂತರವೂ ಕೆಲಸಮಾಡುತ್ತಿದ್ದುವು. ತಂದೆತಾಯಿಗಳು ಕೊಟ್ಟವುಗಳಲ್ಲಿ ೮೨. ಮೃತರಿಂದ ಪಡೆದವುಗಳಲ್ಲಿ ೭೦. ಆರೋಗ್ಯವಂತರ ದೇಹದಿಂದ ನೇರವಾಗಿ ಬಂದ ಅಂಗಕ್ಕೆ ಪೆಟ್ಟು ಕಡಿಮೆಯೆಂಬುದೇ ಇದರ ಮುಖ್ಯ ಕಾರಣ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ರೋಗಿಯನ್ನು ಮನೆಗೆ ಕಳುಹಿಸುವ ಮೊದಲು ಶುಶ್ರೂಷೆ ಮಾಡುವವರನ್ನು ಆಸ್ಪತ್ರೆಗಳು ಪರೀಕ್ಷಿಸಬೇಕು. ಹತ್ತು ನಿಮಿಷ ಉಪದೇಶಿಸಿ ಕಾಗದವೊಂದನ್ನು ಕೈಗಿಟ್ಟರೆ ಸಾಲದು. ನಮ್ಮ ಕಾಲೇಜುಗಳ ಪ್ರಾಯೋಗಿಕ ಪರೀಕ್ಷೆಯಂತೆ, ಒತ್ತಡವನ್ನು ಅಳೆದು ತೋರಿಸಲಿ. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಜೋಡಿಸಿ ತೋರಿಸಲಿ. ಯಾವ ಲಕ್ಷಣ ಕಂಡರೆ ಯಾರಿಗೆ ತಿಳಿಸಬೇಕೆಂಬುದನ್ನು ಬಾಯಿಬಿಟ್ಟು ಹೇಳಲಿ. ಆ ಕಾಗದವೂ ಹಳ್ಳಿಯವರು ಓದಬಲ್ಲ ಕನ್ನಡದಲ್ಲಿರಲಿ. ಎರಡನೆಯದಾಗಿ, ಈ ಕೆಲಸಕ್ಕೆ ರಜೆ ಬೇಕು. ಅಂಗದಾನ ಮಾಡುವ ತನ್ನ ನೌಕರರಿಗೆ ಕೇಂದ್ರ ಸರ್ಕಾರ ೨೦೨೩ರಲ್ಲಿ ೪೨ ದಿನಗಳವರೆಗಿನ ವಿಶೇಷ ರಜೆಯನ್ನು ಪ್ರಕಟಿಸಿತು. ಇದು ಶ್ಲಾಘನೀಯವಾದ ಕ್ರಮ. ಆದರೆ ಆ ಆಜ್ಞೆಯಲ್ಲಿ ಶುಶ್ರೂಷೆ ಮಾಡುವ ಸಂಗಾತಿಯ ಮಾತಿಲ್ಲ. ಮೊದಲ ತಿಂಗಳುಗಳಲ್ಲಿ ಸಂಗಾತಿಯೂ ಚಿಕಿತ್ಸೆಯ ಒಂದು ಅಂಗವೇ ಆಗಿರುವುದರಿಂದ ಆತನಿಗೂ ಆಕೆಗೂ ರಜೆ ದೊರೆಯುವುದು ನ್ಯಾಯ. ದಿನಗೂಲಿಯಿಂದ ಬದುಕುವವರಿಗೆ ರಜೆಯೆಂಬುದೇ ಇಲ್ಲ. ಅವರಿಗೆ ಕೂಲಿಯ ನಷ್ಟವನ್ನು ತುಂಬಿಕೊಡುವ ಏರ್ಪಾಡು ಬೇಕು. ಇದರಿಂದ ಖಜಾನೆಗೆ ವೆಚ್ಚವಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಅಷ್ಟೊಂದು ವೆಚ್ಚಮಾಡಿ ಕೂಡಿಸಿದ ಅಂಗ ಶುಶ್ರೂಷೆಯಿಲ್ಲದೆ ಕೆಟ್ಟರೆ ಆಗುವ ನಷ್ಟವನ್ನೂ ಅವರು ಲೆಕ್ಕ ಹಾಕಲಿ.

ಮೂರನೆಯ ಮಾತು ನಮ್ಮ ತರುಣ ವಾಚಕರಿಗೆ, ಅದರಲ್ಲಿಯೂ ಹುಡುಗರಿಗೆ. ಶುಶ್ರೂಷೆ ಹೆಣ್ಣಿನ ಸ್ವಭಾವವೆಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ತೋಳಿನ ಪಟ್ಟಿಯನ್ನು ಹೃದಯದ ಮಟ್ಟದಲ್ಲಿ ಕಟ್ಟುವುದನ್ನು ಹೆಣ್ಣುಮಕ್ಕಳೂ ಹುಟ್ಟುವಾಗಲೇ ತಿಳಿದು ಬರುವುದಿಲ್ಲ, ಕಲಿತು ತಿಳಿಯುತ್ತಾರೆ. ಅದನ್ನು ನೀವೂ ಕಲಿಯಬಲ್ಲಿರಿ. ಇದಕ್ಕೆ ಅಂಗ ಕಸಿಯಂಥ ದೊಡ್ಡ ಸಂದರ್ಭ ಬರಲೆಂದು ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಒಂದು ವಾರ ಅವರ ರಕ್ತದೊತ್ತಡವನ್ನು ದಿನವೂ ಒಂದೇ ಹೊತ್ತಿನಲ್ಲಿ, ಐದು ನಿಮಿಷ ಕುಳ್ಳಿರಿಸಿ, ಕೈಯನ್ನು ಮೇಜಿನ ಮೇಲಿಡಿಸಿ ಅಳೆಯಿರಿ. ಅಂಕಿಯನ್ನು ಬರೆಯಿರಿ. ಅನಂತರ 'ಇವತ್ತು ಮೈ ಹೇಗಿದೆ?' ಎಂದು ಕೇಳಿ, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಪಕ್ಕದಲ್ಲಿ ಬರೆಯಿರಿ. ವಾರದ ಕೊನೆಗೆ ಎರಡು ಅಂಕಣಗಳನ್ನೂ ಹೋಲಿಸಿ ನೋಡಿರಿ.